ಹೂರಣ ಕದ್ದ ನಾಯಿಗೆ ತಪ್ಪಿನ ಅರಿವಿರುತ್ತಾ?

ಹೆಸರಘಟ್ಟ_ಹರಟೆ:
ಯುಗಾದಿಯಿಂದ ನಮ್ಮ ಮನೇಲಿ ನಡೀತಿರೋ ಜಗಳ, ನೀವೇ ತೀರ್ಮಾನ ಹೇಳಿ. ಹಬ್ಬದ ದಿನ ಒಬ್ಬಟ್ಟಿಗೆ ಹೂರಣ ರುಬ್ಬಿ ಕಟ್ಟೆ ಮೇಲಿಟ್ಟು ನನ್ನಾಕೆ ಪಕ್ಕದ ಮನೆಗೆ ಬೇವು-ಬೆಲ್ಲ ಕೊಡೋಕೆ ಹೋಗಿದ್ಲು. ನಾನು ಮಹಡಿ ಮೇಲೆ ನೀರಿನ ಟ್ಯಾಂಕ್ ನೋಡ್ತಿದ್ದೆ. ಇಬ್ರೂ ಅಡುಗೆಮನೆ ಸೇರೋ ಹೊತ್ತಿಗೆ ಪಾತ್ರೆ ಬೆಳಗಿಟ್ಟ ಹಾಗೆ ಹೊಳೀತಿತ್ತು. ನಮ್ಮ ಗುಂಡ ಸೋಫಾ ಹಿಂದೆ, ಕಿವಿ ತಲೆಗೆ ಅಂಟಿಸ್ಕೊಂಡು, ಬಾಲ ಕಾಲಸಂದಿಗೆ ಸಿಗಿಸ್ಕೊಂಡು, ಮುಖ ಗೋಡೆ ಕಡೆಗೆ, ಕಣ್ಣು ಮಾತ್ರ ಓರೆಯಾಗಿ ನಮ್ಮ ಕಡೆಗೆ. ಮೀಸೆ ತುಂಬ ಬೆಲ್ಲ.

ನನ್ನಾಕೆ ವಾದ: ಅವನಿಗೆ ತಪ್ಪು ಮಾಡಿದ್ದು ಗೊತ್ತು, ಮುಖ ನೋಡಿದ್ರೇ ತಿಳಿಯತ್ತೆ, ಆದ್ದರಿಂದ ಬೈದಿದ್ದು ಸರಿ. ನನ್ನ ವಾದ: ಅವನಿಗೆ ಗೊತ್ತಿರೋದು ಹೂರಣ ಚೆನ್ನಾಗಿತ್ತು ಅನ್ನೋದೊಂದೇ, ಉಳಿದಿದ್ದೆಲ್ಲ ನಾವು ಅವನ ಮುಖಕ್ಕೆ ಹಚ್ಚಿದ್ದು. ನಾಯಿ ಸಾಕಿರೋರು ಹೇಳಿ, ನಾಯಿಗೆ ನಿಜವಾಗ್ಲೂ ತಪ್ಪಿನ ಅರಿವು ಅನ್ನೋದು ಇರತ್ತಾ?

ತೀರ್ಥಹಳ್ಳಿ_ತೋಟ:
ಇರದೇ ಏನು. ನಮ್ಮನೆ ಕರಿಯನ್ನ ನೋಡಿದ್ರೆ ನಿಮಗೆ ಅನುಮಾನನೇ ಬರಲ್ಲ. ತೋಟದಲ್ಲಿ ಮಂಗ ಓಡಿಸಲಿ ಅಂತ ಸಾಕಿದ್ದು ಅವನನ್ನ. ಅವನು ದಿನವಿಡೀ ಬಚ್ಚಲೊಲೆ ಬೂದಿಲಿ ಬಿದ್ಕೊಂಡಿರ್ತಾನೆ. ನಾವ್ಯಾರಾದ್ರೂ ಅಂಗಳಕ್ಕೆ ಇಳಿದ ಸದ್ದು ಕೇಳ್ತಿದ್ದ ಹಾಗೆ ದಡಕ್ಕನೆ ಎದ್ದು, ಬೂದಿ ಕೊಡವಿ, ಖಾಲಿ ಮರಕ್ಕೆ ಬೊಗಳ್ತಾ ತೋಟದ ಕಡೆ ಓಡ್ತಾನೆ. ಅಲ್ಲಿ ಮಂಗ ಇರಲ್ಲ, ಮಣ್ಣೂ ಇರಲ್ಲ. ನಾಯಿಗೆ ಕೆಲಸ ಇಲ್ಲ, ಕೂರೋಕೆ ಪುರುಸೊತ್ತಿಲ್ಲ ಅಂತ ಗಾದೆ ಕಟ್ಟಿದೋರು ಇವನ ಮುತ್ತಜ್ಜನ್ನ ಕಂಡಿರಬೇಕು.

ಇನ್ನೊಂದು ಕೇಳಿ. ಒಮ್ಮೆ ಕಾಲಿಗೆ ಮುಳ್ಳು ಹೊಕ್ಕು ಕುಂಟ್ತಿದ್ದಾಗ ಅಮ್ಮ ಒಳಗೆ ಕರೆದು ಹಾಲನ್ನ ಹಾಕಿದ್ರು. ಮುಳ್ಳು ತೆಗೆದು ಗಾಯ ಮಾಗಿ ಎಷ್ಟೋ ದಿನ ಆದ ಮೇಲೂ ಅಮ್ಮನ್ನ ಕಂಡ ಕೂಡ್ಲೇ ಕುಂಟು ಶುರು. ಯಾವ ಕಾಲು ಅನ್ನೋದು ಮಾತ್ರ ಅವನಿಗೇ ನೆನಪಿರಲ್ಲ. ಇವತ್ತು ಎಡಗಾಲಾದ್ರೆ ನಾಳೆ ಬಲಗಾಲು. ಇಷ್ಟು ನಾಟಕ ಬರೋ ಪ್ರಾಣಿಗೆ ತಪ್ಪು-ಸರಿ ಗೊತ್ತಿಲ್ಲ ಅಂದ್ರೆ ನಾನು ನಂಬಲ್ಲ.

ನಾಲ್ಕನೇ_ಮಹಡಿ:
ನಾನು ನಾಯಿ ಸಾಕಿಲ್ಲ, ಸಾಕೋದೂ ಇಲ್ಲ. ಆದ್ರೆ ನಾಯಿ ಸಾಕಿದೋರ ಮಧ್ಯೆ ಬದುಕ್ತಿದೀನಿ, ಹಾಗಾಗಿ ಮಾತಾಡೋ ಹಕ್ಕಿದೆ ಅನ್ಕೋತೀನಿ. ನಮ್ಮ ಅಪಾರ್ಟ್‌ಮೆಂಟಲ್ಲಿ ಲಿಫ್ಟ್ ಬಾಗಿಲು ತೆರೆದ್ರೆ ಮೊದಲು ಕಾಣೋದೇ ನಾಲಿಗೆ. 'ಏನೂ ಮಾಡಲ್ಲ ಸಾರ್, ಆಟ ಆಡ್ತಾನೆ ಅಷ್ಟೇ' ಅಂತಾರೆ. ನಾನು ಇಸ್ತ್ರಿ ಶರ್ಟ್ ಹಾಕ್ಕೊಂಡು ಆಫೀಸಿಗೆ ಹೊರಟಿರ್ತೀನಿ, ಆಟಕ್ಕಲ್ಲ. ತಪ್ಪಿನ ಅರಿವು ನಾಯಿಗಿದೆಯಾ ಅನ್ನೋದು ಆಮೇಲೆ, ಹಗ್ಗ ಹಿಡಿದೋರಿಗೆ ಇದೆಯಾ ಅಂತ ಮೊದಲು ಕೇಳಿ.

ಹಾಸನದ_ಪಶುವೈದ್ಯೆ:
ಆ ಮುಖ ಸುಳ್ಳಲ್ಲ, ನಾಯಿ ಸಾಕಿದ ಎಲ್ಲರೂ ನೋಡಿರ್ತಾರೆ. ತಕರಾರಿರೋದು ಅದಕ್ಕೆ ನಾವು ಕೊಡೋ ಅರ್ಥದಲ್ಲಿ. ಕಿವಿ ಹಿಂದಕ್ಕೆ, ಬಾಲ ಒಳಕ್ಕೆ, ಪದೇಪದೇ ತುಟಿ ನೆಕ್ಕೋದು, ನಿದ್ದೆ ಬರದಿದ್ರೂ ಆಕಳಿಸೋದು, ಕಣ್ಣಿನ ಬಿಳಿಭಾಗ ಕಾಣೋ ಹಾಗೆ ಓರೆನೋಟ. ಇವೆಲ್ಲ 'ಕೋಪ ಮಾಡ್ಕೋಬೇಡ, ನನ್ನಿಂದ ನಿನಗೆ ತೊಂದರೆ ಇಲ್ಲ' ಅಂತ ಎದುರಿಗಿರೋರನ್ನ ತಣ್ಣಗೆ ಮಾಡೋ ಸನ್ನೆಗಳು. ನನ್ನ ಮೇಜಿನ ಮೇಲೆ ಸೂಜಿಗೆ ಕಾಯ್ತಿರೋ ನಾಯೀನೂ ಇದೇ ಮುಖ ಮಾಡತ್ತೆ. ಅದು ಯಾರ ಮನೆ ಹೂರಣಾನೂ ಕದ್ದಿರಲ್ಲ.

ಈ ಪ್ರಶ್ನೆ ಹಳೇದು. ಅಮೆರಿಕದ ಪೀಟರ್ ವೋಲ್ಮರ್ 1977ರಲ್ಲಿ ನಿಕಿ ಅನ್ನೋ ನಾಯಿಯ ಬಗ್ಗೆ ಬರೆದಿದ್ರು. ಮನೇಲಿ ಯಾರೂ ಇಲ್ಲದಾಗ ಕಾಗದ ಹರಿದು ಚೆಲ್ಲಾಡೋದು ಅದರ ಚಾಳಿ, ಯಜಮಾನರು ವಾಪಸ್ ಬಂದ್ರೆ ತಪ್ಪಿತಸ್ಥನ ಮುಖ. ಕೊನೆಗೆ ಪರೀಕ್ಷೆ ಮಾಡಿದ್ರು: ಯಜಮಾನರ ಕಡೆಯವರೇ ಕಾಗದ ಹರಿದು ನೆಲದ ಮೇಲೆ ಹರಡಿ, ಹೊರಗೆ ಹೋಗಿ ತಿರುಗಿ ಬಂದ್ರು. ನಿಕಿ ಒಂದು ಚೂರೂ ಮುಟ್ಟಿರಲಿಲ್ಲ, ಆದ್ರೂ ಅದೇ ಮುಖ. ಅಂದ್ರೆ 'ನಾನು ಹರಿದೆ' ಅನ್ನೋದು ಅದರ ತಲೇಲಿ ಇರಲೇ ಇಲ್ಲ. 'ನೆಲದ ಮೇಲೆ ಕಾಗದ, ಬಾಗಿಲಲ್ಲಿ ಯಜಮಾನರು, ಇನ್ನು ನನಗೆ ಗ್ರಹಚಾರ' ಅನ್ನೋ ಲೆಕ್ಕ ಇತ್ತು.

2009ರಲ್ಲಿ ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 14 ಸಾಕುನಾಯಿಗಳನ್ನಿಟ್ಟು ಇದನ್ನ ಕ್ರಮವಾಗಿ ಮಾಡಿದ್ರು. ಯಜಮಾನರು ತಿಂಡಿ ತೋರಿಸಿ 'ಮುಟ್ಟಬೇಡ' ಅಂತ ಹೇಳಿ ಹೊರಗೆ ಹೋಗ್ತಾರೆ. ಒಳಗೆ ಕೆಲವು ಸಲ ನಾಯಿ ತಿನ್ನತ್ತೆ, ಕೆಲವು ಸಲ ಪ್ರಯೋಗದೋರೇ ತಿಂಡಿ ಎತ್ತಿಡ್ತಾರೆ. ಯಜಮಾನರಿಗೆ ಕೆಲವು ಸಲ ನಿಜ ಹೇಳ್ತಾರೆ, ಕೆಲವು ಸಲ ಸುಳ್ಳು. ತಿಂದಿದ್ರೂ ತಿನ್ನದಿದ್ರೂ ಆ ಮುಖಕ್ಕೆ ವ್ಯತ್ಯಾಸ ಆಗಲಿಲ್ಲ. ಬೈದಾಗ ಬಂತು, ಬೈಯದಿದ್ದಾಗ ಕಮ್ಮಿ ಆಯ್ತು. ತಿನ್ನದೇ ಸುಮ್ಮನೆ ಬೈಸ್ಕೊಂಡ ನಾಯಿಗಳಲ್ಲಿ ಆ ಮುಖ ಇನ್ನೂ ಜಾಸ್ತಿ ಕಾಣಿಸ್ತು.

ಹೆಸರಘಟ್ಟ_ಹರಟೆ:
ಡಾಕ್ಟ್ರೇ, ಇದನ್ನ ನನ್ನಾಕೆಗೆ ಓದಿ ಹೇಳಿದೆ. 'ಅವರು ಅಮೆರಿಕದ ನಾಯಿಗಳು, ಗುಂಡ ಹೆಸರಘಟ್ಟದೋನು' ಅಂತ ಉತ್ತರ ಬಂತು.

ತೀರ್ಥಹಳ್ಳಿ_ತೋಟ:
ನಿಮ್ಮಾಕೆ ಕಡೆಗೇ ನನ್ನ ಓಟು. ಡಾಕ್ಟ್ರು ಹೇಳಿದ್ದರಲ್ಲಿ ಒಂದು ಬಿಟ್ಟುಹೋಗಿದೆ. ಬೈದ ಮೇಲೆ ಮುಖ ಮಾಡತ್ತೆ ಅನ್ನೋದು ಸರಿ. ಬೈಯೋಕೆ ಮುಂಚೇನೇ ಮಾಡತ್ತಲ್ಲ, ಅದಕ್ಕೇನಂತೀರಿ? ನಾನು ಗೇಟ್ ತೆಗೆಯೋ ಹೊತ್ತಿಗೇ ಕರಿಯ ಓಡಿ ಬರದೆ ಸೌದೆ ರಾಶಿ ಹಿಂದೆ ಹೋದ ಅಂದ್ರೆ ಒಳಗೆ ಏನೋ ಆಗಿದೆ ಅಂತಲೇ ಲೆಕ್ಕ. ನಾನಿನ್ನೂ ಏನೂ ನೋಡಿರಲ್ಲ, ಬೈದಿರಲ್ಲ. ಒಳಗೆ ಹೋದ್ರೆ ಒಂದು ಕಾಲ್ಮೆಟ್ಟು ಚಿಂದಿ.

ಹಾಸನದ_ಪಶುವೈದ್ಯೆ:
ಒಳ್ಳೇ ಪ್ರಶ್ನೆ, ಇದನ್ನೇ ಬುಡಾಪೆಸ್ಟಿನ ತಂಡ ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸ್ತು. ಯಜಮಾನರು ಒಳಗೆ ಬರ್ತಾರೆ, ಏನು ನಡೆದಿದೆ ಅಂತ ಅವರಿಗೆ ಗೊತ್ತಿಲ್ಲ. ಕದ್ದು ತಿಂದ ನಾಯಿ, ತಿನ್ನದ ನಾಯಿ, ಇವೆರಡೂ ಅವರನ್ನ ಎದುರುಗೊಂಡ ರೀತೀಲಿ ವ್ಯತ್ಯಾಸ ಸಿಗಲಿಲ್ಲ.

ಹಾಗಂತ ನೀವು ನೋಡಿದ್ದು ಸುಳ್ಳು ಅಂತಲ್ಲ. ಕರಿಯ ಸೌದೆ ಹಿಂದೆ ಹೋದ ದಿನ ನಿಮಗೆ ನೆನಪಿರತ್ತೆ. ಕಾಲ್ಮೆಟ್ಟು ಚಿಂದಿ ಮಾಡಿಯೂ ಬಾಲ ಅಲ್ಲಾಡಿಸ್ತಾ ಗೇಟಿಗೆ ಬಂದ ದಿನ? ಅದಕ್ಕೆ ನೀವು 'ಇವನಿಗೆ ನಾಚಿಕೆನೇ ಇಲ್ಲ' ಅಂದು ಮುಂದೆ ಹೋಗಿರ್ತೀರಿ, ಲೆಕ್ಕಕ್ಕೆ ತಗೊಂಡಿರಲ್ಲ. ಹಿಂದೆ ಚಿಂದಿ ಚಪ್ಪಲಿ ಇದ್ದಾಗೆಲ್ಲ ಏಟು ಬಿದ್ದಿದ್ರೆ, ಚಿಂದಿ ಮತ್ತು ಗೇಟಿನ ಸದ್ದು ಎರಡೂ ಸೇರಿದ್ರೆ ಸಾಕು, ಅವನು ಜಾಗ ಖಾಲಿ ಮಾಡ್ತಾನೆ.

ಬಾಗಲಕೋಟಿ_ಬಿಸಿಲು:
ನಮ್ಮ ಕಡೆ ಈ ಪ್ರಶ್ನೆ ಯಾರೂ ಕೇಳಂಗಿಲ್ರಿ. ಯಾಕಂದ್ರ ಮುಧೋಳ ನಾಯಿ ತಪ್ಪು ಮಾಡಿದ ಮಾರಿನ ಮಾಡಂಗಿಲ್ಲ. ನಮ್ಮ ಮನ್ಯಾಗ ಒಂದು ಐತಿ. ಬಾನದ ಗಡಿಗಿಗೆ ಬಾಯಿ ಹಾಕಿದಾಗ ಅವ್ವ ಹಿಡಿಶೂಡಿ ತಗೊಂಡು ಹೋದ್ಲು. ಅದು ಓಡಲಿಲ್ಲ, ಬಾಲ ಮಡಚಲಿಲ್ಲ. ಒಂದ್ಸಲ ಅಕಿ ಮಾರಿ ನೋಡ್ತು, ಎದ್ದು ನಾಕ್ ಹೆಜ್ಜಿ ಸರದು ಹೊಳ್ಳಿ ಮಲಗ್ತು. 'ಯಾರ್ ಮನಿ ನಾಯಿ ಇದು, ನಮ್ಮನಿದಾ ಅಥವಾ ನಾವು ಇದರ ಮನ್ಯಾಗ ಅದೇವಾ' ಅಂದ್ಲು ಅವ್ವ.

ಅದು ಕಣ್ಣಿಲೆ ಬ್ಯಾಟಿ ಆಡೋ ತಳಿರಿ, ವಾಸನಿ ಹಿಡಕೊಂಡು ಹೋಗೂದಲ್ಲ. ದೂರದಾಗ ಮೊಲ ಹಾರಿದ್ರ ಇಲ್ಲಿ ಕಿವಿ ನಿಮಿರತಾವು. ಅಪರಿಚಿತರು ಮೈ ಮುಟ್ಟಿದ್ರ ಸೇರಂಗಿಲ್ಲ. 2005ರಾಗ ಅಂಚೆ ಇಲಾಖೆಯವರು ಇದರ ಚಿತ್ರದ ಸ್ಟ್ಯಾಂಪ್ ತಂದಾರ. ತಿಮ್ಮಾಪುರದಾಗ ಸರ್ಕಾರದ ಸಂಶೋಧನಾ ಕೇಂದ್ರ ಐತಿ, ಅಲ್ಲಿಂದ ಮರಿಗೋಳು ಸೈನ್ಯಕ್ಕ ಹೋಗ್ಯಾವು. ಇಂಥಾದ್ದನ್ನ ಬೆಂಗಳೂರಾಗ ಎರಡು ಕ್ವಾಣಿ ಮನ್ಯಾಗ ಇಟ್ಟು, ಸೋಫಾ ಹರೀತು ಅಂತ ಅಳ್ತಾರ. ಅದು ಓಡಾಕ ಹುಟ್ಟಿದ್ದು ಮಾರಾಯಾ, ಸೋಫಾ ಅದಕ ಏನು ಗೊತ್ತು?

ಡಾಕ್ಟ್ರ ಮಾತು ನನಗ ಸರಿ ಅನಸ್ತೈತಿ. ಏಟು ತಿನ್ನದ ನಾಯಿ ಆ ಮಾರಿ ಮಾಡಂಗಿಲ್ಲ. ನಮ್ಮಪ್ಪ ಅದಕ ಎಂದೂ ಕೈ ಎತ್ತಿಲ್ಲ.

ನಾಲ್ಕನೇ_ಮಹಡಿ:
ಹೌದಾ? ಹಿಡಿಶೂಡಿ ಎತ್ತಿದ್ದು ನಿಮ್ಮವ್ವ ಅಲ್ವಾ?

ಬಾಗಲಕೋಟಿ_ಬಿಸಿಲು:
ಎತ್ತಿದ್ಲು, ಹೊಡೀಲಿಲ್ಲ. ಅವ್ವ ಎತ್ತೋದಷ್ಟ, ನಮಗೂ ಅಷ್ಟ ಮಾಡ್ತಿದ್ಲು. ಅದು ನಾಯಿಗೂ ತಿಳದೈತಿ.

ಕಲ್ಲುಬರಹ:
ಎಲ್ಲರೂ ನಾಯಿಗೆ ನಾಚಿಕೆ ಇದೆಯೋ ಇಲ್ಲವೋ ಅಂತ ಕಿತ್ತಾಡ್ತಿದೀರಿ. ನಾಯಿಗೆ ಶೌರ್ಯ ಇದೆಯಾ ಅಂತ ಯಾರೂ ಕೇಳ್ತಿಲ್ಲ, ಯಾಕೆ? ಕನ್ನಡದೋರು ಅದನ್ನ ಸಾವಿರ ವರ್ಷಕ್ಕೂ ಹಿಂದೆಯೇ ಒಪ್ಪಿ ಕಲ್ಲಲ್ಲಿ ಕೆತ್ತಿಸಿಬಿಟ್ಟಿದಾರೆ. ಮದ್ದೂರು ಸೀಮೆಯ ಆತಕೂರಿನ ಶಾಸನ, ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಅನ್ನೋ ವೀರನಿಗೆ ರಾಜ 'ಏನು ಬೇಕೋ ಕೇಳು' ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಅನ್ನೋ ಬೇಟೆನಾಯೀನ. ಆ ಕಾಳಿಯನ್ನ ಬೆಳತೂರಿನ ಬೆಟ್ಟದ ಹತ್ತಿರ ದೊಡ್ಡ ಹಂದಿ ಮೇಲೆ ಛೂ ಬಿಟ್ಟಾಗ ನಾಯೀನೂ ಹಂದೀನೂ ಒಂದನ್ನೊಂದು ಕೊಂದು ಎರಡೂ ಸತ್ತವು. ಅದರ ನೆನಪಿಗೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಂಡ್ರೆ ಪಾಪ ಅಂತ ಬರೆಸಿದ್ರು. ನಾಯಿ-ಹಂದಿ ಕಾದಾಡ್ತಿರೋ ಕೆತ್ತನೆ ಇರೋ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಲ್ಲಿದೆ, ಹೋಗಿ ನೋಡಿ.

ನನ್ನ ಪ್ರಶ್ನೆ ಇಷ್ಟೇ. ಶೌರ್ಯ, ನಿಷ್ಠೆ, ಪ್ರೀತಿ ಇವನ್ನೆಲ್ಲ ನಾಯಿಗೆ ಧಾರಾಳವಾಗಿ ಕೊಡ್ತೀವಿ. ನಾಚಿಕೆ ಅಂದ ಕೂಡ್ಲೇ ಪ್ರಯೋಗಾಲಯಕ್ಕೆ ಓಡ್ತೀವಿ. ಇದು ಯಾವ ನ್ಯಾಯ?

ಹಾಸನದ_ಪಶುವೈದ್ಯೆ:
ನ್ಯಾಯವಾದ ಪ್ರಶ್ನೆ. ಆದ್ರೆ ಕಾಳಿಗೆ ಶೌರ್ಯ ಇತ್ತು ಅಂತ ತಿಳ್ಕೊಂಡ್ರೆ ಕಾಳಿಗೆ ಪೂಜೆ ಸಿಗತ್ತೆ. ಗುಂಡನಿಗೆ ತಪ್ಪಿನ ಅರಿವಿದೆ ಅಂತ ತಿಳ್ಕೊಂಡ್ರೆ ಗುಂಡನಿಗೆ ಏಟು ಬೀಳತ್ತೆ. ಏಟು ಕೊಡೋ ಮುಂಚೆ ಸಾಕ್ಷಿ ಕೇಳೋದು ಒಳ್ಳೇದಲ್ವಾ?

ಕಲ್ಲುಬರಹ:
ಒಪ್ಪಿದೆ, ಅರ್ಧ. ಉಳಿದರ್ಧಕ್ಕೆ ತೀರ್ಥಹಳ್ಳಿಯೋರ ಕುಂಟು ನಾಟಕ ಇದೆ. ಜ್ಯೂರಿಕ್ ವಿಶ್ವವಿದ್ಯಾಲಯದೋರು 2017ರಲ್ಲಿ ಪ್ರಕಟಿಸಿದ್ದು ನೋಡಿ. ನಾಯಿಗೆ ಇಬ್ಬರ ಪರಿಚಯ ಮಾಡಿಸ್ತಾರೆ. ಒಬ್ಬರು ಸಿಕ್ಕ ತಿಂಡೀನ ನಾಯಿಗೆ ಕೊಡ್ತಾರೆ, ಇನ್ನೊಬ್ಬರು ತಾವೇ ಇಟ್ಕೋತಾರೆ. ಆಮೇಲೆ ಮೂರು ಡಬ್ಬಿ: ಒಂದರಲ್ಲಿ ನಾಯಿಗೆ ಪ್ರಾಣವಾದ ತಿಂಡಿ, ಒಂದರಲ್ಲಿ ಅಷ್ಟಕ್ಕಷ್ಟೇ, ಇನ್ನೊಂದು ಖಾಲಿ. ನಾಯಿ ಆ ವ್ಯಕ್ತೀನ ಯಾವುದಾದ್ರೂ ಡಬ್ಬಿ ಹತ್ರ ಕರ್ಕೊಂಡು ಹೋಗಬೇಕು. ಕೊಡದೇ ಇರೋರನ್ನ ಒಳ್ಳೇ ತಿಂಡಿಯ ಡಬ್ಬಿಗೆ ಕರೆದೊಯ್ಯೋದು ಕಮ್ಮಿ ಆಯ್ತು, ಖಾಲಿ ಡಬ್ಬಿಗೆ ಕರೆದೊಯ್ಯೋದು ಜಾಸ್ತಿ ಆಯ್ತು. ಟೋಪಿ ಹಾಕೋಕೆ ಬರತ್ತೆ ಅಂದ್ಮೇಲೆ ಟೋಪಿ ಹಾಕಿದ್ದು ಗೊತ್ತಿರಲ್ವಾ?

ಹಾಸನದ_ಪಶುವೈದ್ಯೆ:
ಹೀಗೆ ಮಾಡಿದ್ರೆ ಅವರು ಹಾಗೆ ಮಾಡ್ತಾರೆ ಅನ್ನೋದು ಗೊತ್ತು. ಅದು ಭಾರಿ ಬುದ್ಧೀನೇ, ನಾನು ಅಲ್ಲಗಳೆಯಲ್ಲ. ಕುಂಟಿದ್ರೆ ಹಾಲನ್ನ ಅನ್ನೋದು ಕರಿಯನಿಗೆ ಗೊತ್ತು, ಕುಂಟೋದು ಮೋಸ ಅನ್ನೋದು ಗೊತ್ತಿರಬೇಕಿಲ್ಲ. ಮನುಷ್ಯನ್ನ ಓದೋದ್ರಲ್ಲಿ ನಾಯಿ ನಮ್ಮೆಲ್ಲರಿಗಿಂತ ಚುರುಕು. ನಾವು ಅದನ್ನ ಓದೋದ್ರಲ್ಲೇ ಎಡವೋದು, ಯಾಕಂದ್ರೆ ಅದರ ಮುಖದಲ್ಲಿ ನಮ್ಮ ಮುಖವನ್ನೇ ಹುಡುಕ್ತೀವಿ.

ಕುವೆಂಪುನಗರದ_ಅಜ್ಜಿ:
ಡಾಕ್ಟರಮ್ಮ ಹೇಳಿದ ಈ ಓದೋ ಮಾತಿಗೆ ನನ್ನ ಸಾಕ್ಷಿ ಬರೆದುಕೊಳ್ಳಿ. ನಾನು ಮೈಸೂರಲ್ಲಿ ಒಬ್ಬಳೇ ಇರೋದು. ಮಗ-ಸೊಸೆ ದೂರದಲ್ಲಿದ್ದಾರೆ. ಅವರೇ ಹೋಗುವಾಗ ಒಂದು ಪಾಮರೇನಿಯನ್ ಮರಿ ಬಿಟ್ಟುಹೋದರು, 'ನಿಮಗೆ ಜೊತೆಗಿರಲಿ ಅಮ್ಮ' ಅಂತ. ಮೊದಲು ನನಗೆ ಸಿಟ್ಟೇ ಬಂದಿತ್ತು, ನನ್ನನ್ನ ನೋಡ್ಕೊಳ್ಳೋಕೆ ನಾಯಿನಾ ಅಂತ. ಈಗ ಅದು ದೊಡ್ಡದಾಗಿ ಮನೆ ಯಜಮಾನಿಕೆ ವಹಿಸಿಕೊಂಡಿದೆ. ಹೆಸರು ಚಿನ್ನು.

ಬಾಗಿಲ ಹಿಂದೆ ಮೊಳೆಗೆ ಎರಡು ಚೀಲ ತೂಗುಹಾಕಿರ್ತೀನಿ. ಒಂದು ತರಕಾರಿಯ ಬಟ್ಟೆಚೀಲ, ಇನ್ನೊಂದು ಬ್ಯಾಂಕಿಗೆ ಹೋಗುವಾಗ ತೊಗೊಳ್ಳೋ ಕೈಚೀಲ. ಬಟ್ಟೆಚೀಲಕ್ಕೆ ಕೈ ಹಾಕಿದರೆ ಸಾಕು, ಚಿನ್ನು ಗೇಟಿನ ಹತ್ತಿರ ಹೋಗಿ ಕುಣೀತಾಳೆ, ಅವಳನ್ನೂ ಕರ್ಕೊಂಡು ಹೋಗ್ತೀನಿ ಅಂತ ಗೊತ್ತು. ಕೈಚೀಲ ತೆಗೆದರೆ ಮಂಚದ ಕೆಳಗೆ. ಹೋಗೋದಷ್ಟೇ ಅಲ್ಲ, ನನ್ನ ಚಪ್ಪಲೀಲಿ ಒಂದನ್ನ ಕಚ್ಚಿಕೊಂಡು ಹೋಗಿ ಅದರ ಮೇಲೆ ಮಲಗ್ತಾಳೆ. ಎರಡೂ ಅಲ್ಲ, ಒಂದೇ. ಒಂದು ಚಪ್ಪಲೀಲಿ ಯಾರು ಬ್ಯಾಂಕಿಗೆ ಹೋಗ್ತಾರೆ? ಕೋಲು ಹಾಕಿ ಎಳೆದು ತೆಗೀಬೇಕು, ಸೊಂಟ ಬಗ್ಗಲ್ಲ ನನಗೆ. ಒಂದು ದಿನ ಬುದ್ಧಿವಂತಿಕೆ ಮಾಡಿ ಬ್ಯಾಂಕ್ ಪಾಸ್‌ಬುಕ್ಕನ್ನ ತರಕಾರಿ ಚೀಲದೊಳಗೆ ಹಾಕ್ಕೊಂಡು ಹೊರಟೆ. ಗೇಟಿನವರೆಗೆ ಕುಣಿದು ಬಂದವಳು ನನ್ನ ಸೀರೆ ನೋಡಿ ನಿಂತುಬಿಟ್ಟಳು. ತರಕಾರಿಗೆ ಹೋಗುವಾಗ ನಾನು ನೂಲಿನ ಸೀರೆ ಉಡ್ತೀನಿ ಅನ್ನೋದು ಆವತ್ತೇ ನನಗೂ ಗೊತ್ತಾಗಿದ್ದು.

ಅವಳಿಗೆ ತಪ್ಪಿನ ಅರಿವಿದೆಯೋ ಇಲ್ಲವೋ ನನಗೆ ಬೇಕಿಲ್ಲ. ಬೆಳಿಗ್ಗೆ ನಾನು ಏಳೋದು ಸ್ವಲ್ಪ ತಡವಾದರೆ ಮಂಚದ ಪಕ್ಕ ಬಂದು ಮೂಗಿಂದ ಕೈ ತಿವೀತಾಳೆ. ಆ ಮನೇಲಿ ಇನ್ಯಾರೂ ಅದನ್ನ ಮಾಡೋರಿಲ್ಲ.

ನಾಲ್ಕನೇ_ಮಹಡಿ:
ಅಜ್ಜಿ, ನಿಮ್ಮ ಬಗ್ಗೆ ನನಗೆ ತಕರಾರಿಲ್ಲ. ನೀವು ಮನೇಲೇ ಇರ್ತೀರಿ. ನಾನು ಹೇಳ್ತಿರೋದು ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಬರೋರು ನಾಯಿ ಯಾಕೆ ಸಾಕ್ತಾರೆ ಅನ್ನೋದು. ಮತ್ತೆ ಲಿಫ್ಟ್ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಮ್ಮ ಸಂಘದ ಸಭೇಲಿ 'ನಾಯಿ ಲಿಫ್ಟ್ ಹತ್ತಬಾರದು' ಅಂತ ನಿರ್ಣಯ ಮಾಡೋಣ ಅಂದ್ರೆ ಅರ್ಧ ಜನ ಎದ್ದು ನಿಂತು ಕೂಗಾಡಿದ್ರು.

ಹೆಸರಘಟ್ಟ_ಹರಟೆ:
ಕೂಗಾಡೋ ಅಗತ್ಯ ಇರಲಿಲ್ಲ, ಆ ನಿರ್ಣಯ ನಿಲ್ತಿರಲಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ಬಹುಮತ ಇದ್ರೂ ಸಂಘದೋರು ಸಾಕುನಾಯಿ ನಿಷೇಧಿಸುವಂತಿಲ್ಲ, ಲಿಫ್ಟಿಗೆ ಹತ್ತಿಸಬೇಡಿ ಅನ್ನುವಂತಿಲ್ಲ. ಆದ್ರೆ ಅದೇ ಮಾರ್ಗಸೂಚೀಲಿ ಸಾಕೋರಿಗೂ ಮಾತಿದೆ: ಹೊರಗೆ ಬಂದಾಗ ಹಗ್ಗ ಹಾಕಿ, ಅದು ಮಾಡಿದ್ದನ್ನ ನೀವೇ ಎತ್ತಿ. ನಮ್ಮೋರು ಮೊದಲರ್ಧ ಮಾತ್ರ ಫ್ರೇಮ್ ಹಾಕಿಸ್ತಾರೆ. ಆ ಮಟ್ಟಿಗೆ ನಾನು ನಿಮ್ಮ ಕಡೆ.

ಬೂತಾಯಿ_ಗಸಿ:
ಎಂತ ಮಾರಾಯ್ರೆ, ಇಷ್ಟೆಲ್ಲ ಚರ್ಚೆ ಮಾಡುವ ಬದಲು ಮಾಡಿಯೇ ನೋಡಬಹುದಲ್ವಾ? ನಾನು ಮಾಡಿದೆ. ನಮ್ಮ ನಾಯಿ ಬೊಳ್ಳು, ಊರ ನಾಯಿ, ಮೀನು ಅಂದ್ರೆ ಜೀವ. ಒಂದು ತಟ್ಟೆಯಲ್ಲಿ ಹುರಿದ ಬೂತಾಯಿ ಇಟ್ಟು ನನ್ನ ಹೆಂಡತಿ ಅವನಿಗೆ 'ಮುಟ್ಟಿದ್ರೆ ಉಂಟು ನಿಂಗೆ' ಅಂತ ಹೇಳಿ ಹೊರಗೆ ಹೋದಳು. ಅವಳಿಗೆ ಪ್ರಯೋಗದ ವಿಷಯ ನಾನು ಹೇಳಿಯೇ ಇರ್ಲಿಲ್ಲ. ಬೊಳ್ಳು ತಟ್ಟೆಯ ಎದುರು ಕೂತು ಜೊಲ್ಲು ಸುರಿಸ್ತಾ ಕಾದ, ಮುಟ್ಟಲಿಲ್ಲ. ನಾನು ಹಿಂದಿನ ಬಾಗಿಲಿಂದ ಬಂದು ಮೀನು ತಿಂದೆ. ಅವನ ಎದುರೇ. ಅವನು ನೋಡಿದ ನೋಟ ಉಂಟಲ್ಲ, ಅದನ್ನು ಯಾವ ವಿಜ್ಞಾನಿಯೂ ಅಳತೆ ಮಾಡ್ಲಿಕ್ಕೆ ಸಾಧ್ಯ ಇಲ್ಲ.

ಹೆಂಡತಿ ಬಂದು ಖಾಲಿ ತಟ್ಟೆ ನೋಡಿ ಬೊಬ್ಬೆ ಹೊಡೆದದ್ದೇ ತಡ, ಬೊಳ್ಳು ನೆಲಕ್ಕೆ ಅಂಟಿ, ಕಿವಿ ಮಡಚಿ, ಹೊಟ್ಟೆ ತೋರಿಸಿ ಬಿದ್ದುಕೊಂಡ. ಪಾಪ, ಒಂದು ಮುಳ್ಳು ಸಹ ತಿಂದಿಲ್ಲ ಅವನು. ಆಮೇಲೆ ಹೇಳಿದೆ, ತಿಂದದ್ದು ನಾನು ಅಂತ. ಈಗ ಮನೆಯಲ್ಲಿ ಬೊಳ್ಳುವಿಗೆ ಬೂತಾಯಿ ಫ್ರೈ, ನನಗೆ ತಿಳಿಸಾರು.

ತೀರ್ಥಹಳ್ಳಿ_ತೋಟ:
ಒಂದು ನಾಯಿ, ಒಂದು ತಟ್ಟೆ ಮೀನು, ಇದಕ್ಕೆ ಪ್ರಯೋಗ ಅಂತ ಹೆಸರು ಬೇರೆ. ನಿಮ್ಮ ಹೆಂಡತಿ ಬೊಬ್ಬೆಗೆ ನಾನಾಗಿದ್ರೂ ಹೊಟ್ಟೆ ತೋರಿಸಿ ಬಿದ್ಕೋತಿದ್ದೆ.

ಬೂತಾಯಿ_ಗಸಿ:
ಅದೇ ಅಲ್ವಾ ಡಾಕ್ಟ್ರು ಹೇಳಿದ್ದು! ಬೊಬ್ಬೆಗೆ ಬಿದ್ದದ್ದು, ಮೀನಿಗಲ್ಲ.

ಹಾಸನದ_ಪಶುವೈದ್ಯೆ:
ಬೊಳ್ಳುವಿಗೆ ನನ್ನ ಸಂತಾಪ ತಿಳಿಸಿ. ಬೂತಾಯಿಯ ಮುಳ್ಳು ತೆಗೆದು, ಉಪ್ಪು-ಖಾರ ಇಲ್ಲದೆ ಬೇಯಿಸಿ ಕೊಡಿ, ಫ್ರೈ ಬೇಡ.

ಇದರಿಂದ ಮನೇಲಿ ಆಗಬೇಕಾದ್ದು ಏನು ಅಂದ್ರೆ, ಕೆಲಸ ಮುಗಿದ ಮೇಲೆ ಬೈಬೇಡಿ. ಅರ್ಧ ಗಂಟೆ ಹಿಂದೆ ತಿಂದ ಹೂರಣಕ್ಕೂ ಈಗಿನ ಬೈಗುಳಕ್ಕೂ ಗುಂಡ ಗಂಟು ಹಾಕಲ್ಲ. 'ಇವರು ಹೊರಗಿಂದ ಬಂದಾಗ ಕೆಲವು ಸಲ ಯಾಕೋ ರೇಗ್ತಾರೆ' ಅಂತ ಕಲೀತಾನೆ. ಅದು ಭಯ. ಬಾಯಿ ಹಾಕ್ತಿರೋವಾಗಲೇ ಸಿಕ್ಕಿದ್ರೆ ಒಂದು ಗಟ್ಟಿ 'ಬೇಡ' ಸಾಕು, ಬಿಟ್ಟು ಬಂದ್ರೆ ಶಭಾಸ್ ಅನ್ನಿ. ಉಳಿದಂತೆ ಕಟ್ಟೆ ಮೇಲೆ ಇಡಬೇಡಿ, ಅಷ್ಟೇ. ಮರಿಗಳಾದ್ರೆ ನಾಲ್ಕರಿಂದ ಏಳು ತಿಂಗಳವರೆಗೆ ಹಾಲುಹಲ್ಲು ಬಿದ್ದು 42 ಹಲ್ಲು ಬರತ್ತೆ, ಒಸಡು ಕಡಿಯತ್ತೆ. ಆಗ ಚಪ್ಪಲೀನೇ ಯಾಕೆ ಅಂದ್ರೆ ನಿಮ್ಮ ವಾಸನೆ ಅತಿ ಹೆಚ್ಚು ಇರೋ ವಸ್ತು ಮನೇಲಿ ಅದೇ. ಅದಕ್ಕೆ ಬೇರೇನಾದ್ರೂ ಕಡಿಯೋಕೆ ಕೊಡಿ.

ಹಬ್ಬದ ಮನೆಯೋರಿಗೆ ಇನ್ನೊಂದು. ಹೂರಣ ತಿಂದ್ರೆ ಹೊಟ್ಟೆ ಕೆಡಬಹುದು ಅಷ್ಟೇ. ಪಾಯಸದ ಒಣದ್ರಾಕ್ಷಿ ಹಾಗಲ್ಲ, ನಾಯಿಯ ಮೂತ್ರಪಿಂಡಕ್ಕೇ ಹೊಡೆತ. ಈರುಳ್ಳಿ ಕೆಂಪು ರಕ್ತಕಣ ಒಡೆಯತ್ತೆ, ಬೇಯಿಸಿದ್ರೂ ಅಷ್ಟೇ, ಸಾಂಬಾರ್ ಅನ್ನ ಹಾಕೋರು ಗಮನಿಸಿ. ಚಾಕೊಲೇಟೂ ವಿಷ. ಇವು ಒಳಗೆ ಹೋಗಿದ್ರೆ ಮುಖ ನೋಡ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ.

ಕುವೆಂಪುನಗರದ_ಅಜ್ಜಿ:
ಅಯ್ಯೋ, ಚಿನ್ನುಗೆ ಮೊನ್ನೆ ಶಾವಿಗೆ ಪಾಯಸ ಹಾಕಿದ್ದೆ. ದ್ರಾಕ್ಷಿಯನ್ನೆಲ್ಲ ಅವಳೇ ಆರಿಸಿ ತಟ್ಟೆಯಾಚೆ ಉಗಿದಿದ್ದಳು, ನಾನು ಕೊಬ್ಬು ಅಂದ್ಕೊಂಡೆ. ಇನ್ನು ಹಾಕಲ್ಲ.

ತೀರ್ಥಹಳ್ಳಿ_ತೋಟ:
ಈರುಳ್ಳಿ ವಿಷಯ ಮನೇಲಿ ಹೇಳಿದೆ, ಅಮ್ಮನಿಗೆ ಗಾಬರಿ ಆಯ್ತು, ಅದಕ್ಕೆ ಥ್ಯಾಂಕ್ಸ್. ಬೈಯೋ ವಿಷಯದಲ್ಲಿ ನಾನಿನ್ನೂ ಒಪ್ಪಿಲ್ಲ. ರಾತ್ರಿ ಚಿರತೆ ಓಡಾಡೋ ಜಾಗ ನಮ್ಮದು, ಪಕ್ಕದ ಮನೆ ನಾಯೀನ ಅಂಗಳದಿಂದಲೇ ಹೊತ್ಕೊಂಡು ಹೋಯ್ತು. ಕತ್ತಲಾದ ಮೇಲೆ ಕರಿಯ ಹೊರಗೆ ಉಳಿದ್ರೆ ನಾನು ಗಟ್ಟಿಯಾಗೇ ಬೈದು ಒಳಗೆ ಎಳ್ಕೊಂಡು ಬರ್ತೀನಿ. ಅದನ್ನ ಶಭಾಸ್‌ಗಿರಿಯಲ್ಲಿ ಕಲಿಸ್ತೀನಿ ಅಂತ ಕೂತ್ರೆ ಕಲಿಯೋದ್ರೊಳಗೆ ನಾಯೀನೇ ಇರಲ್ಲ.

ಹಾಸನದ_ಪಶುವೈದ್ಯೆ:
ಅಲ್ಲೇ, ಆಗಲೇ ಬೈತಿದೀರಲ್ಲ, ಅದು ಬೇರೆ. ಇಷ್ಟು ಸೇರಿಸಿ: ಒಳಗೆ ಬಂದ ಮೇಲೆ ಒಂದು ತುಂಡು ರೊಟ್ಟಿ ಕೊಡಿ. ಬೈಸ್ಕೊಂಡು ಬಂದಿದ್ದು ಏಟು ತಿನ್ನೋಕೆ ಅಂತ ಅವನಿಗೆ ಅನ್ನಿಸಿದ್ರೆ ನಾಳೆ ಕರೆದಾಗ ಇನ್ನೂ ದೂರ ಹೋಗ್ತಾನೆ. ಕಾಡಂಚಿನಿಂದ ಬಂದ ನಾಯಿಯ ಕಿವಿ ಒಳಗೆ, ಕಾಲ್ಬೆರಳ ಸಂದೀಲಿ ಉಣುಗು ನೋಡೋದನ್ನ ಮರೀಬೇಡಿ, ನಿಮ್ಮದು ಮಂಗನಕಾಯಿಲೆಯ ಸೀಮೆ.

ನಾಲ್ಕನೇ_ಮಹಡಿ:
ನನ್ನದೊಂದು ಗಂಭೀರ ಪ್ರಶ್ನೆ ಇದೆ ಡಾಕ್ಟ್ರೇ, ವ್ಯಂಗ್ಯ ಅಲ್ಲ. ನಮ್ಮ ಕೆಳಗಿನ ಮನೆ ಲ್ಯಾಬ್ರಡಾರ್ ಅವರಿಬ್ಬರೂ ಆಫೀಸಿಗೆ ಹೋದ ಮೇಲೆ ಶುರು ಮಾಡಿದ್ರೆ ಸಂಜೆವರೆಗೂ ನಿಲ್ಲಿಸಲ್ಲ. ಬೊಗಳೋದಲ್ಲ, ಒಂಥರಾ ಊಳಿಡೋದು. ನಾನು ಮನೆಯಿಂದ ಕೆಲಸ ಮಾಡೋ ದಿನ ಹುಚ್ಚು ಹಿಡಿಯತ್ತೆ. ಹೇಳಿದ್ರೆ 'ನಮ್ಮ ಬ್ರೂನೋ ಬೊಗಳೋದೇ ಇಲ್ಲ' ಅಂತಾರೆ. ಬಾಗಿಲು ಕೆರೆದು ಬಣ್ಣ ಎಲ್ಲ ಕಿತ್ತಿದೆ, ಅದಕ್ಕೆ ಬೈತಾರೆ ಅಂತ ಕೆಲಸದೋರು ಹೇಳಿದ್ರು.

ಹಾಸನದ_ಪಶುವೈದ್ಯೆ:
ಅವರು ಸುಳ್ಳು ಹೇಳ್ತಿಲ್ಲ, ಅವರಿದ್ದಾಗ ಅದು ಬೊಗಳಲ್ಲ. ನೀವು ಹೇಳೋದನ್ನ ನೋಡಿದ್ರೆ ಒಂಟಿತನ ತಡೆಯೋಕಾಗದೆ ಮಾಡ್ತಿರೋ ಹಾಗಿದೆ. ಬಾಗಿಲನ್ನೇ ಕೆರೆಯೋದು ಅದರ ಗುರುತು, ಅವರು ಹೋದ ದಾರಿ ಅದು. ಇದಕ್ಕೆ ಬೈದ್ರೆ ಹೆಚ್ಚಾಗತ್ತೆ. ಬೆಳಿಗ್ಗೆ ಹೊರಡೋ ಮುಂಚೆ ಚೆನ್ನಾಗಿ ಸುಸ್ತಾಗೋಷ್ಟು ನಡೆಸಬೇಕು, ಮಧ್ಯಾಹ್ನ ಯಾರಾದ್ರೂ ಬಂದು ಹೋಗೋ ಹಾಗೆ ಮಾಡ್ಕೋಬೇಕು. ಐದು ನಿಮಿಷ, ಹತ್ತು ನಿಮಿಷ ಬಿಟ್ಟುಹೋಗಿ ಬಂದು ನಿಧಾನಕ್ಕೆ ಒಂಟಿಯಾಗಿರೋದನ್ನ ಅಭ್ಯಾಸ ಮಾಡಿಸ್ಬೇಕು. ತೀರಾ ಕಷ್ಟ ಆದ್ರೆ ಔಷಧೀನೂ ಇದೆ, ಹತ್ತಿರದ ಪಶುವೈದ್ಯರಿಗೆ ತೋರಿಸಲಿ. ಜಗಳಕ್ಕೆ ಬಂದಿದೀರಿ ಅಂತ ಅನ್ನಿಸದ ಹಾಗೆ ಹೇಳಿ. ಆ ನಾಯಿ ದಿನಾ ಹೇಗಿರತ್ತೆ ಅನ್ನೋದು ಅವರಿಗಿಂತ ನಿಮಗೇ ಚೆನ್ನಾಗಿ ಗೊತ್ತು.

ನಾಲ್ಕನೇ_ಮಹಡಿ:
ಸರಿ, ಭಾನುವಾರ ಕೆಳಗೆ ಹೋಗಿ ಮಾತಾಡ್ತೀನಿ. ನಾಳೆ ಮನೆಯಿಂದಲೇ ಕೆಲಸ, ಊಳಿಡೋದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡೇ ಹೋಗ್ತೀನಿ. ಇಲ್ಲಾಂದ್ರೆ ನಂಬಲ್ಲ ಅವರು.